ನಿಮಗಿದು ಗೊತ್ತೇ? ಕೋರ್ಟು ಕಟ್ಟುವ ಅಧಿಕಾರ, ಮುಚ್ಚುವ ಅಧಿಕಾರ

1956ರ ಅಕ್ಟೋಬರ್ 31ರ ತನಕ ಕಾಸರಗೋಡಿನ ಮುನ್ಸಿಫ್ ಕೋರ್ಟಿನಲ್ಲಿ ಸೋತವರು ಮಂಗಳೂರಿನ ಜಿಲ್ಲಾ ಕೋರ್ಟಿಗೆ ಹೋಗುತ್ತಿದ್ದರು. ಅಲ್ಲೂ ಸೋತರೆ ಮದರಾಸು ಹೈಕೋರ್ಟು. ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿದ್ದೇ ಈ ದಾರಿ ತೆಂಕು ದಿಕ್ಕಿಗೆ ತಿರುಗಿತು. ಜಿಲ್ಲಾ ಮಟ್ಟದ ಮೇಲ್ಮನವಿ ತಲಶ್ಶೇರಿಯ ಪಾಲಾಯಿತು, ಹೈಕೋರ್ಟು ಎರ್ನಾಕುಳಂ ಆಯಿತು. ಕಕ್ಷಿದಾರ ಕೂತಲ್ಲೇ ಇದ್ದ. ಅವನ ಮೇಲಿನ ಕೋರ್ಟುಗಳು ಬದಲಾದವು.

ಬದಲಾಯಿಸಿದ್ದು ಸಂಸತ್ತು. 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯ 49ನೇ ಕಲಂ ಕೇರಳ, ಮೈಸೂರು, ರಾಜಸ್ಥಾನಗಳಿಗೆ ಹೊಸ ಹೈಕೋರ್ಟುಗಳನ್ನು ಕೊಟ್ಟಿತು. 50ನೇ ಕಲಂ ಜಮ್ಮು-ಕಾಶ್ಮೀರವೊಂದನ್ನು ಬಿಟ್ಟು ಆಗಿನ ‘ಬಿ’ ವರ್ಗದ ಎಲ್ಲ ರಾಜ್ಯಗಳ ಹೈಕೋರ್ಟುಗಳನ್ನು ರದ್ದು ಮಾಡಿತು. 1949ರ ಜುಲೈ 7ರಂದು ಹುಟ್ಟಿದ್ದ ತಿರುವಾಂಕೂರು-ಕೊಚ್ಚಿ ಹೈಕೋರ್ಟು ಏಳೇ ವರ್ಷಕ್ಕೆ ಮುಗಿಯಿತು. ಬೆಂಗಳೂರಿನ ಅಠಾರಾ ಕಚೇರಿಯ ಮೈಸೂರು ಹೈಕೋರ್ಟೂ ರದ್ದಾಯಿತು, ಅದೇ ಹೆಸರಿನ ಹೊಸದು ಅದೇ ದಿನ ಹುಟ್ಟಿತು. ಕಟ್ಟಡ ಅದೇ, ಹೆಸರು ಅದೇ. ಕಾನೂನಿನ ಪ್ರಕಾರ ಮಾತ್ರ ಹಿಂದಿನ ದಿನದ ಕೋರ್ಟು ಬೇರೆ, ಮರುದಿನದ್ದು ಬೇರೆ.

ಆ ಹೊಸ ಮೈಸೂರು ಹೈಕೋರ್ಟಿಗೆ ಬಂದ ಜಿಲ್ಲೆಗಳು ಅದಕ್ಕೂ ಮೊದಲು ಎಷ್ಟು ಕಡೆ ಚದುರಿದ್ದವು ನೋಡಿ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದವರು ಮುಂಬಯಿ ಹೈಕೋರ್ಟಿಗೆ ಹೋಗುತ್ತಿದ್ದರು. ಕಲಬುರಗಿ, ಬೀದರ, ರಾಯಚೂರಿನವರಿಗೆ ಹೈದರಾಬಾದು. ಮಂಗಳೂರು, ಉಡುಪಿ, ಕೊಳ್ಳೇಗಾಲದವರಿಗೆ ಮದರಾಸು. ಏಕೀಕರಣ ಎಂದರೆ ನಕಾಶೆಯ ಬಣ್ಣವಷ್ಟೇ ಅಲ್ಲ. ಕನ್ನಡಿಗರ ವ್ಯಾಜ್ಯಗಳೂ ಮೊದಲ ಬಾರಿಗೆ ಒಂದೇ ಹೈಕೋರ್ಟಿಗೆ ಬಂದವು. ಕಾಸರಗೋಡಿನ ವ್ಯಾಜ್ಯಗಳು ಬರಲಿಲ್ಲ.

ಮದರಾಸಿನಲ್ಲಿ ಬಾಕಿ ಇದ್ದ ಮೊಕದ್ದಮೆಗಳ ಗತಿ? ಅದಕ್ಕೂ ಆ ಕಾಯ್ದೆಯಲ್ಲೇ ಏರ್ಪಾಡಿತ್ತು. ವ್ಯಾಜ್ಯ ಹುಟ್ಟಿದ ಸ್ಥಳ ಹೊಸ ರಾಜ್ಯಕ್ಕೆ ಸೇರಿದ್ದರೆ ಮುಖ್ಯ ನ್ಯಾಯಾಧೀಶರು ಹಾಗೆಂದು ದೃಢೀಕರಿಸಬೇಕು, ಆಗ ಕಡತ ಹೊಸ ಹೈಕೋರ್ಟಿಗೆ ಸಾಗಬೇಕು.

ಮದರಾಸು ಹೈಕೋರ್ಟಾದರೂ ಯಾರ ಸೃಷ್ಟಿ? ಬ್ರಿಟಿಷ್ ಪಾರ್ಲಿಮೆಂಟಿನ 1861ರ ಕಾಯ್ದೆಯದ್ದು. ಅಲ್ಲಿದ್ದ ಹಳೆಯ ಸುಪ್ರೀಂ ಕೋರ್ಟು, ಸದರ್ ಅದಾಲತ್ ಎರಡನ್ನೂ ಮುಚ್ಚಿ 1862ರಲ್ಲಿ ಈ ಹೈಕೋರ್ಟನ್ನು ತೆರೆದರು. ಕೆನರಾ ಜಿಲ್ಲೆ ಇಬ್ಭಾಗವಾಗಿ ಉತ್ತರದ ಭಾಗ ಮುಂಬಯಿ ಪ್ರಾಂತಕ್ಕೆ ಹೋದದ್ದೂ 1862ರಲ್ಲೇ. ಅಲ್ಲಿಂದಾಚೆ ಕಾರವಾರದವರಿಗೆ ಮುಂಬಯಿ, ಕಾಸರಗೋಡಿನವರಿಗೆ ಮದರಾಸು ಎಂದಾಯಿತು.

ಕಯ್ಯೂರು ರೈತ ಹೋರಾಟದ ಪ್ರಕರಣದ ವಿಚಾರಣೆ ನಡೆದದ್ದು ಎಲ್ಲಿ? ಕಯ್ಯೂರು ಇಂದಿನ ಕಾಸರಗೋಡು ಜಿಲ್ಲೆಯ ತೆಂಕು ತುದಿಯ ಊರು. 1941ರ ಮಾರ್ಚಿನಲ್ಲಿ ಅಲ್ಲಿ ರೈತರ ಮೆರವಣಿಗೆಯ ಹೊತ್ತಿಗೆ ಪೊಲೀಸನೊಬ್ಬ ಸತ್ತ. ವಿಚಾರಣೆ ನಡೆದದ್ದು ಕಣ್ಣೂರಿನಲ್ಲೋ ತಲಶ್ಶೇರಿಯಲ್ಲೋ ಅಲ್ಲ, ಮಂಗಳೂರಿನ ಸೆಷನ್ಸ್ ಕೋರ್ಟಿನಲ್ಲಿ. ಕಾಸರಗೋಡು ತಾಲೂಕು ಆಗ ದಕ್ಷಿಣ ಕನ್ನಡದ್ದು. ಮೇಲ್ಮನವಿ ಮದರಾಸಿಗೆ ಹೋಯಿತು. 1943ರ ಮಾರ್ಚ್ 29ರಂದು ನಾಲ್ವರು ಕಣ್ಣೂರಿನ ಜೈಲಿನಲ್ಲಿ ಗಲ್ಲಿಗೇರಿದರು. ನಿರಂಜನರ ‘ಚಿರಸ್ಮರಣೆ’ ಕಾದಂಬರಿಗೆ ಇದೇ ವಸ್ತು. ಮಲಯಾಳದ ನೆಲದ ಹೋರಾಟವೊಂದು ಕನ್ನಡ ಕಾದಂಬರಿಯಾದದ್ದರ ಹಿಂದೆ ಆಗಿನ ಈ ಜಿಲ್ಲಾ ಗಡಿಯ ನಂಟೂ ಇದೆ.

ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರ. ಅರಬ್ಬೀ ಕಡಲಿನ ಈ ಅಮಿನ್‌ದಿವಿ ದ್ವೀಪಗಳೂ 1956ರ ವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಈಗ ಲಕ್ಷದ್ವೀಪದ ಭಾಗ. ಅವಕ್ಕೂ ಕೇರಳ ಹೈಕೋರ್ಟೇ ಹೈಕೋರ್ಟು.

ದೂರದ ಲೆಕ್ಕ ಹಾಕಿದರೆ ಕಾಸರಗೋಡಿಗೆ ನಷ್ಟವೇನೂ ಆಗಲಿಲ್ಲ ಎನ್ನುವವರಿದ್ದಾರೆ. ಮದರಾಸಿಗೆ ರೈಲುದಾರಿ 840 ಕಿ.ಮೀ. ಆಸುಪಾಸು, ಎರ್ನಾಕುಳಂಗೆ 370ರ ಆಸುಪಾಸು. ಈ ಲೆಕ್ಕ ಸರಿಯೇ. ಆದರೆ ಮದರಾಸಿಗೋ ಎರ್ನಾಕುಳಂಗೋ ಹೋಗುವವರು ಕೆಲವೇ ಮಂದಿ. ಹೆಚ್ಚಿನವರ ಜಗಳ ಜಿಲ್ಲಾ ಕೋರ್ಟಿನಲ್ಲೇ ತೀರುತ್ತದೆ. ಆ ಜಿಲ್ಲಾ ಕೋರ್ಟು 50 ಕಿ.ಮೀ. ದೂರದ ಮಂಗಳೂರಿನಿಂದ, 100 ಕಿ.ಮೀ.ಗೂ ಆಚೆಯ ತಲಶ್ಶೇರಿಗೆ ಹೋಯಿತು. ಅದಕ್ಕಿಂತ ಹೆಚ್ಚಾಗಿ ಕನ್ನಡ ಓದಬಲ್ಲ ಗುಮಾಸ್ತರು, ವಕೀಲರು ಇದ್ದ ಊರಿನಿಂದ ಕನ್ನಡ ಅಕ್ಷರವನ್ನೇ ಕಾಣದ ಊರಿಗೆ ಹೋಯಿತು.

ಇದು ಎಷ್ಟು ದೊಡ್ಡ ಮಾತು ಎಂದು ತಿಳಿಯಬೇಕಾದರೆ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಹಳೆಯ ಮನೆಗಳ ಪೆಟ್ಟಿಗೆಯಲ್ಲಿರುವ ಕಾಗದಗಳನ್ನು ಬಿಡಿಸಿ ನೋಡಬೇಕು. ಮೂಲಗೇಣಿ ಚೀಟು, ಪಾಲುಪತ್ರ, ಅಡಮಾನ ಪತ್ರ ಎಲ್ಲ ಕನ್ನಡದಲ್ಲಿವೆ. ವರ್ಗ, ಕುಮ್ಕಿ, ಚಾಲಗೇಣಿ ಎಂಬ ಮಾತುಗಳಿಗೆ ಮಂಗಳೂರಿನ ಕೋರ್ಟಿನಲ್ಲಿ ಅರ್ಥ ಹೇಳಬೇಕಾಗಿರಲಿಲ್ಲ. ಗಡಿಯಾಚೆ ಅವೇ ಕಾಗದಗಳು ತರ್ಜುಮೆಯಾಗಿ ನ್ಯಾಯಾಧೀಶರ ಮುಂದೆ ಹೋಗಬೇಕು. ಕೋರ್ಟು ಎಲ್ಲಿರಬೇಕೆಂದು ಗೆರೆ ಎಳೆಯುವವರು, ಕಕ್ಷಿದಾರ ಯಾವ ಭಾಷೆಯ ಕಾಗದ ಹಿಡಿದು ಬರುತ್ತಾನೆ ಎಂದೂ ನೋಡಲೇಬೇಕಿತ್ತು. 1956ರಲ್ಲಿ ಕಾಸರಗೋಡಿನ ಮಟ್ಟಿಗೆ ಅದನ್ನು ನೋಡಲಿಲ್ಲ ಎಂಬುದೇ ಈ ಅಂಕಣಕಾರನ ದೂರು.

ಕೆಳಗಿನ ಕೋರ್ಟಿನ ಭಾಷೆ ಯಾವುದೆಂದು ತೀರ್ಮಾನಿಸುವುದು ಯಾರು? ಸಿವಿಲ್ ಪ್ರಕ್ರಿಯಾ ಸಂಹಿತೆಯ 137ನೇ ಕಲಂ ಪ್ರಕಾರ ರಾಜ್ಯ ಸರ್ಕಾರ. ಹೈಕೋರ್ಟಿನ ಭಾಷೆ ಸಂವಿಧಾನದ 348ನೇ ವಿಧಿಯಂತೆ ಇಂಗ್ಲಿಷು. ಕೇರಳದ 1969ರ ಆಡಳಿತ ಭಾಷಾ ಕಾಯ್ದೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಸರ್ಕಾರಿ ಕಚೇರಿಗಳ ಜೊತೆ ಅವರವರ ಭಾಷೆಯಲ್ಲೇ ಪತ್ರವ್ಯವಹಾರ ಮಾಡುವ, ಉತ್ತರವನ್ನೂ ಅದೇ ಭಾಷೆಯಲ್ಲಿ ಪಡೆಯುವ ಹಕ್ಕು ಕೊಟ್ಟಿದೆ. ಗಡಿನಾಡಿನ ಕನ್ನಡಿಗರು ಇದನ್ನು ಬಾಯಿಪಾಠ ಮಾಡಿಟ್ಟುಕೊಳ್ಳಬೇಕು.

1984ರ ಮೇ 24ರಂದು ಕಾಸರಗೋಡೇ ಜಿಲ್ಲೆಯಾಯಿತು. ಈಗ ಜಿಲ್ಲಾ ಕೋರ್ಟು ವಿದ್ಯಾನಗರದಲ್ಲಿದೆ. ತಲಶ್ಶೇರಿಯ ಅಲೆದಾಟ ತಪ್ಪಿತು.

ಕೇರಳ ಹೈಕೋರ್ಟು ಕೇರಳದ ವಿಧಾನಸಭೆಗಿಂತ ಹಿರಿಯದು! ರಾಜ್ಯ ಹುಟ್ಟಿದಾಗ ಅಲ್ಲಿ ರಾಷ್ಟ್ರಪತಿ ಆಳ್ವಿಕೆ ಇತ್ತು, ಮೊದಲ ವಿಧಾನಸಭೆ ಬಂದದ್ದು 1957ರ ಏಪ್ರಿಲಿನಲ್ಲಿ. ರಾಷ್ಟ್ರಪತಿ ಆಳ್ವಿಕೆಯಲ್ಲಿ ಕೇಂದ್ರವು ಶಾಸನಸಭೆಯ ಅಧಿಕಾರವನ್ನು ಕೈಗೆ ತೆಗೆದುಕೊಳ್ಳಬಹುದು, ಹೈಕೋರ್ಟಿನ ಅಧಿಕಾರವನ್ನು ಮುಟ್ಟುವಂತಿಲ್ಲ. 356ನೇ ವಿಧಿಯಲ್ಲೇ ಈ ಕಟ್ಟು ಇದೆ.

ಹೈಕೋರ್ಟಿನ ಸ್ಥಾನಕ್ಕೇ ಧಕ್ಕೆ ತರುವಂಥ ಮಸೂದೆಯನ್ನು ವಿಧಾನಸಭೆ ಅಂಗೀಕರಿಸಿದರೆ? ರಾಜ್ಯಪಾಲರು ಅಂಕಿತ ಹಾಕುವಂತಿಲ್ಲ, ರಾಷ್ಟ್ರಪತಿಗೆ ಕಳಿಸಲೇಬೇಕು. 200ನೇ ವಿಧಿ ಹೀಗೆ ಕಟ್ಟುನಿಟ್ಟಾಗಿ ಹೇಳಿರುವುದು ಇದೊಂದೇ ಬಗೆಯ ಮಸೂದೆಯ ಬಗ್ಗೆ.

ಅಮೆರಿಕದಲ್ಲಿ ಎರಡು ಸಾಲು ಕೋರ್ಟುಗಳಿವೆ, ರಾಜ್ಯದ್ದು ಒಂದು, ಒಕ್ಕೂಟದ್ದು ಇನ್ನೊಂದು. ನಮ್ಮಲ್ಲಿ ಹಾಗಿಲ್ಲ. ಕಾಸರಗೋಡು ಜಿಲ್ಲೆಯ ಹೊಸದುರ್ಗದ ಮುನ್ಸಿಫರು ಕೇಂದ್ರದ ಕಾನೂನನ್ನೂ ನೋಡುತ್ತಾರೆ, ಕೇರಳದ್ದನ್ನೂ ನೋಡುತ್ತಾರೆ. ಕೇಂದ್ರದ ಕಾನೂನುಗಳಿಗೆಂದೇ ಪ್ರತ್ಯೇಕ ಕೋರ್ಟು ತೆರೆಯಲು 247ನೇ ವಿಧಿ ಸಂಸತ್ತಿಗೆ ಅವಕಾಶ ಕೊಟ್ಟಿದೆ. ಹೈಕೋರ್ಟಿನ ರಚನೆ ಕೇಂದ್ರ ಪಟ್ಟಿಯ ವಿಷಯ. ಕೆಳಗಿನ ಕೋರ್ಟುಗಳ ರಚನೆ ಮೊದಲು ರಾಜ್ಯ ಪಟ್ಟಿಯಲ್ಲಿತ್ತು; ತುರ್ತು ಪರಿಸ್ಥಿತಿಯ ಕಾಲದ 42ನೇ ತಿದ್ದುಪಡಿ ಅದನ್ನು ಸಮವರ್ತಿ ಪಟ್ಟಿಗೆ ಸಾಗಿಸಿತು. ಆ ತಿದ್ದುಪಡಿಯ ಎಷ್ಟೋ ಭಾಗ ಆಮೇಲೆ ಹೋಯಿತು, ಇದು ಉಳಿಯಿತು.

ಭಾರತಕ್ಕೂ ಒಂದು ಫೆಡರಲ್ ಕೋರ್ಟು ಇತ್ತು. 1935ರ ಕಾಯ್ದೆಯಿಂದ ಹುಟ್ಟಿ, 1937ರ ಅಕ್ಟೋಬರ್ 1ರಂದು ದೆಹಲಿಯ ಪಾರ್ಲಿಮೆಂಟು ಕಟ್ಟಡದಲ್ಲೇ ಕೆಲಸ ಆರಂಭಿಸಿತು. ಸರ್ ಮಾರಿಸ್ ಗ್ವಯರ್ ಮೊದಲ ಮುಖ್ಯ ನ್ಯಾಯಮೂರ್ತಿ. ಆದರೂ ಕೊನೆಯ ಮಾತು ಲಂಡನ್ನಿನ ಪ್ರಿವಿ ಕೌನ್ಸಿಲಿನದ್ದೇ ಆಗಿತ್ತು. ಆ ಕೊಂಡಿಯನ್ನು ಕಡಿದದ್ದು ನಮ್ಮ ಸಂವಿಧಾನ ಸಭೆ, 1949ರ ಒಂದು ಕಾಯ್ದೆಯಿಂದ. 1950ರ ಜನವರಿ 26ರಂದು ಫೆಡರಲ್ ಕೋರ್ಟು ಮುಗಿದು ಅದರ ನ್ಯಾಯಮೂರ್ತಿಗಳೇ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದರು. ನಮ್ಮ ಸಂವಿಧಾನದ ಮೊದಲ ಕರಡಿನ ಹಿಂದೆ ಸಲಹೆಗಾರರಾಗಿ ದುಡಿದವರು ದಕ್ಷಿಣ ಕನ್ನಡ ಮೂಲದ ಬೆನಗಲ್ ನರಸಿಂಗರಾಯರು. ಕರಡಿನ ಕೆಲಸದ ನಡುವೆ ಅಮೆರಿಕಕ್ಕೆ ಹೋಗಿ ಅಲ್ಲಿನ ನ್ಯಾಯಮೂರ್ತಿ ಫ್ರಾಂಕ್‌ಫರ್ಟರರ ಜೊತೆ ಚರ್ಚಿಸಿ ಬಂದಿದ್ದರು.

ಅಮೆರಿಕದ ಸಂವಿಧಾನ ಹೆಸರಿಸಿದ್ದು ಸುಪ್ರೀಂ ಕೋರ್ಟನ್ನು ಮಾತ್ರ. ಕೆಳಗಿನ ಫೆಡರಲ್ ಕೋರ್ಟುಗಳು ಬೇಕೋ ಬೇಡವೋ, ಎಷ್ಟು ಬೇಕು ಎಂಬುದೆಲ್ಲ ಅಲ್ಲಿನ ಸಂಸತ್ತಾದ ಕಾಂಗ್ರೆಸಿಗೆ ಬಿಟ್ಟದ್ದು. 1801ರಲ್ಲಿ ಅಧಿಕಾರ ಬಿಡುವ ಮುನ್ನ ಅಧ್ಯಕ್ಷ ಆಡಮ್ಸ್ ಪಕ್ಷದವರು 16 ಹೊಸ ಸರ್ಕ್ಯೂಟ್ ನ್ಯಾಯಾಧೀಶರ ಹುದ್ದೆ ಸೃಷ್ಟಿಸಿದರು. ಮರುವರ್ಷ ಹೊಸ ಅಧ್ಯಕ್ಷ ಜೆಫರ್ಸನ್ ಪಕ್ಷದವರು ಕಾಯ್ದೆಯನ್ನೇ ರದ್ದು ಮಾಡಿ ಆ ಕೋರ್ಟುಗಳನ್ನು ಮುಚ್ಚಿದರು. ಜೀವಾವಧಿ ನೇಮಕ ಪಡೆದಿದ್ದ ನ್ಯಾಯಾಧೀಶರು ಮನೆಗೆ ಹೋದರು. 1803ರಲ್ಲಿ ಸುಪ್ರೀಂ ಕೋರ್ಟು ಆ ರದ್ದತಿಯನ್ನು ಎತ್ತಿ ಹಿಡಿಯಿತು. 1910ರಲ್ಲಿ ತೆರೆದ ವಾಣಿಜ್ಯ ಕೋರ್ಟನ್ನು 1913ರಲ್ಲಿ ಮುಚ್ಚಿದಾಗ ಮಾತ್ರ ನ್ಯಾಯಾಧೀಶರನ್ನು ಬೇರೆ ಕೋರ್ಟುಗಳಲ್ಲಿ ಉಳಿಸಿಕೊಂಡರು. ಕೋರ್ಟನ್ನು ಮುಚ್ಚುವುದು ಬೇರೆ, ಒಲ್ಲದ ತೀರ್ಪಿಗಾಗಿ ನ್ಯಾಯಾಧೀಶನನ್ನು ಕಳಿಸುವುದು ಬೇರೆ ಎಂಬ ತಿಳಿವಳಿಕೆ ಬರಲು ಅಲ್ಲಿ ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು.

ನಮ್ಮ ಸುಪ್ರೀಂ ಕೋರ್ಟನ್ನು ಸಾಧಾರಣ ಕಾಯ್ದೆಯಿಂದ ಮುಚ್ಚಲಾಗದು, ಅದು ಸಂವಿಧಾನದ 124ನೇ ವಿಧಿಯಲ್ಲೇ ಇದೆ. ನ್ಯಾಯಮೂರ್ತಿಗಳ ಸಂಖ್ಯೆ ಮಾತ್ರ ಸಂಸತ್ತಿನ ಕೈಯಲ್ಲಿದೆ. 1950ರಲ್ಲಿ ಮುಖ್ಯ ನ್ಯಾಯಮೂರ್ತಿಯೂ ಸೇರಿ 8, 2019ರ ತಿದ್ದುಪಡಿಯ ನಂತರ 34.

ಹೈಕೋರ್ಟಿನ ಹೆಸರು ಬದಲಾಯಿಸುವುದಕ್ಕೂ ಸಂಸತ್ತೇ ಬೇಕು. 1973ರ ನವೆಂಬರ್ 1ರಂದು ಮೈಸೂರು ಹೈಕೋರ್ಟು ಕರ್ನಾಟಕ ಹೈಕೋರ್ಟಾದದ್ದು ರಾಜ್ಯದ ಹೆಸರು ಬದಲಿಸಿದ ಕೇಂದ್ರ ಕಾಯ್ದೆಯಿಂದ. ಊರು ಚೆನ್ನೈ ಆಗಿ ವರ್ಷಗಳೇ ಕಳೆದರೂ ಹೈಕೋರ್ಟು ಮದರಾಸಾಗಿಯೇ ಉಳಿದಿದೆ.

ಪೀಠ ತೆರೆಯುವ ದಾರಿಗಳು ಎರಡು. 1956ರ ಕಾಯ್ದೆಯ 51ನೇ ಕಲಂ ಪ್ರಕಾರ ಕಾಯಂ ಪೀಠಕ್ಕೆ ರಾಷ್ಟ್ರಪತಿಯ ಆದೇಶ ಬೇಕು. ಸಂಚಾರಿ ಪೀಠಕ್ಕೆ ರಾಜ್ಯಪಾಲರ ಒಪ್ಪಿಗೆ ಪಡೆದು ಮುಖ್ಯ ನ್ಯಾಯಮೂರ್ತಿಯೇ ಮುಂದುವರಿಯಬಹುದು. ಧಾರವಾಡ, ಕಲಬುರಗಿಗಳಲ್ಲಿ 2008ರ ಜುಲೈಯಲ್ಲಿ ಸಂಚಾರಿ ಪೀಠ ಕೂತು 2013ರ ಆಗಸ್ಟಿನಲ್ಲಿ ಕಾಯಂ ಆದವು. ಕೊಲ್ಹಾಪುರಕ್ಕೆ 2025ರ ಆಗಸ್ಟಿನಲ್ಲಿ ಬಂದದ್ದು ಮುಂಬಯಿ ಹೈಕೋರ್ಟಿನ ಸಂಚಾರಿ ಪೀಠ. ಮಂಗಳೂರಿನ ವಕೀಲರು ಇನ್ನೂ ಕೇಳುತ್ತಲೇ ಇದ್ದಾರೆ.

ಕೋರ್ಟನ್ನು ಮುಚ್ಚದೆಯೇ ಅದರ ಕೆಲಸ ಕಿತ್ತುಕೊಳ್ಳಲೂ ಶಾಸನಸಭೆಗೆ ಗೊತ್ತು. 1970ರ ಜನವರಿ 1ರಂದು ಕೇರಳದ ಭೂಸುಧಾರಣೆ ಜಾರಿಗೆ ಬಂದಾಗ, ಒಕ್ಕಲು ಯಾರು, ಧಣಿ ಯಾರು ಎಂಬ ಪ್ರಶ್ನೆ ಮುನ್ಸಿಫರ ಕೈತಪ್ಪಿ ಲ್ಯಾಂಡ್ ಟ್ರಿಬ್ಯುನಲಿಗೆ ಹೋಯಿತು. ಸಿವಿಲ್ ದಾವೆಯ ನಡುವೆ ಗೇಣಿಯ ಪ್ರಶ್ನೆ ಎದ್ದರೆ ಮುನ್ಸಿಫರೇ ಅದನ್ನು ಟ್ರಿಬ್ಯುನಲಿಗೆ ಕಳಿಸಬೇಕು. ಕರ್ನಾಟಕದಲ್ಲಿ 1974ರ ಮಾರ್ಚ್ 1ರಿಂದ ಜಾರಿಯಾದ ಕಾನೂನಿನ ಭೂನ್ಯಾಯ ಮಂಡಳಿಗಳ ಮುಂದೆ ವಕೀಲರೂ ನಿಲ್ಲುವಂತಿರಲಿಲ್ಲ. ಅವುಗಳ ಮೇಲೊಂದು ಮೇಲ್ಮನವಿ ಪ್ರಾಧಿಕಾರವನ್ನು 1986ರ ತಿದ್ದುಪಡಿಯಲ್ಲಿ ತಂದರು, 1990ರ ತಿದ್ದುಪಡಿಯಲ್ಲಿ ತೆಗೆದರು. ಉಳುವವನಿಗೆ ಹೊಲ ಬೇಗ ಸಿಗಲೆಂಬ ಆಸೆ ಇದರ ಹಿಂದಿತ್ತು. ಆ ಆಸೆ ದೊಡ್ಡದು, ಅಗತ್ಯದ್ದೂ ಹೌದು.

ಈ ಭೂಸುಧಾರಣೆಯೇ ಕಾಸರಗೋಡಿನಿಂದ ದೇಶದ ಅತಿದೊಡ್ಡ ಸಂವಿಧಾನ ಮೊಕದ್ದಮೆಯನ್ನು ಹೊರಡಿಸಿತು. ಚೆರ್ಕಳದಿಂದ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿ ಎಡನೀರು ಮಠ ಸಿಗುತ್ತದೆ. ಕೇಶವಾನಂದ ಭಾರತೀ ಶ್ರೀಪಾದಂಗಳು ಹತ್ತೊಂಬತ್ತರ ಹರೆಯದಲ್ಲೇ ಆ ಪೀಠವೇರಿದವರು. ಯಕ್ಷಗಾನದ ಭಾಗವತಿಕೆ ಮಾಡಿ ಹಾಡಬಲ್ಲ ಸ್ವಾಮೀಜಿ. ಮಠದ ಭೂಮಿ ಭೂಸುಧಾರಣೆಗೆ ಸಿಕ್ಕಾಗ 1970ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ ರಿಟ್ ಹಾಕಿದರು, ಸಂಖ್ಯೆ 135. ನಾನಿ ಪಾಲ್ಖೀವಾಲಾ ಮಠದ ಪರ, ಎಚ್.ಎಂ. ಸೀರ್ವಾಯಿ ಕೇರಳ ಸರ್ಕಾರದ ಪರ. 13 ನ್ಯಾಯಮೂರ್ತಿಗಳು 68 ದಿನ ವಾದ ಕೇಳಿದರು. ಇಂದಿಗೂ ಅಷ್ಟು ದೊಡ್ಡ ಪೀಠ ಇನ್ನೊಂದು ಕೂತಿಲ್ಲ. 1973ರ ಏಪ್ರಿಲ್ 24ರಂದು 7-6ರ ಬಹುಮತದ ತೀರ್ಪು ಬಂತು: ಸಂಸತ್ತು ಸಂವಿಧಾನದ ಯಾವ ಭಾಗವನ್ನಾದರೂ ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ. ಭೂಮಿಯ ವಿಷಯದಲ್ಲಿ ಮಠ ಗೆಲ್ಲಲಿಲ್ಲ. ಒಕ್ಕಲಿಗೂ ಭೂಮಿ ಸಿಕ್ಕಿತು, ದೇಶಕ್ಕೂ ಒಂದು ಬೇಲಿ ಸಿಕ್ಕಿತು. ಎರಡೂ ಒಳ್ಳೆಯದೇ ಆಯಿತು ಎಂದು ಧೈರ್ಯವಾಗಿ ಬರೆಯುತ್ತೇನೆ. ಸ್ವಾಮೀಜಿ 2020ರ ಸೆಪ್ಟೆಂಬರ್ 6ರಂದು ತೀರಿಕೊಂಡರು.

ಆ ಪೀಠದಲ್ಲಿ ನಮ್ಮ ಕರಾವಳಿಯವರೇ ಒಬ್ಬರಿದ್ದರು. ಕಾರ್ಕಳ ತಾಲೂಕಿನ ಕೌಡೂರು ಸದಾನಂದ ಹೆಗ್ಡೆ, ಅಂದರೆ ಕೆ.ಎಸ್. ಹೆಗ್ಡೆ. ಬಹುಮತದ ಏಳು ಮಂದಿಯಲ್ಲಿ ಒಬ್ಬರು. ತೀರ್ಪಿನ ಬೆನ್ನಿಗೇ ಶೆಲಟ್, ಹೆಗ್ಡೆ, ಗ್ರೋವರ್ ಮೂವರ ಹಿರಿತನವನ್ನು ಬದಿಗಿಟ್ಟು ಸರ್ಕಾರ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಮೂವರೂ ರಾಜೀನಾಮೆ ಕೊಟ್ಟರು. ನಾಲ್ಕು ವರ್ಷದ ನಂತರ ಹೆಗ್ಡೆಯವರು ಲೋಕಸಭೆಯ ಸ್ಪೀಕರ್. ಕೋರ್ಟಿನಲ್ಲಿ ಕೂತು ಸಂಸತ್ತಿಗೆ ಮಿತಿ ಹಾಕಿದವರಲ್ಲೊಬ್ಬರು ಅದೇ ಸಂಸತ್ತಿನ ಸಭಾಪೀಠದಲ್ಲಿ ಕೂತರು.

42ನೇ ತಿದ್ದುಪಡಿ ಕೇಂದ್ರದ ಕಾಯ್ದೆಗಳ ಸಿಂಧುತ್ವವನ್ನು ಹೈಕೋರ್ಟುಗಳು ಪ್ರಶ್ನಿಸದಂತೆ ಮಾಡಿತ್ತು. 43ನೇ ತಿದ್ದುಪಡಿ ಅದನ್ನು ತೆಗೆಯಿತು. ಉಳಿದಿದ್ದ ಇನ್ನೆರಡು ಮುಖ್ಯ ಅಂಶಗಳನ್ನು 1980ರಲ್ಲಿ ಸುಪ್ರೀಂ ಕೋರ್ಟು ಬೀಳಿಸಿದ್ದು ಬೆಂಗಳೂರಿನ ಮಿನರ್ವ ಮಿಲ್ಲಿನ ಮೊಕದ್ದಮೆಯಲ್ಲಿ, ಎಡನೀರಿನ ತೀರ್ಪನ್ನು ಆಧರಿಸಿ.

1997ರ ಎಲ್. ಚಂದ್ರಕುಮಾರ್ ತೀರ್ಪು ಇದೇ ಸಾಲಿನದ್ದು. ಸಂಸತ್ತು ಎಷ್ಟು ಟ್ರಿಬ್ಯುನಲ್ ಬೇಕಾದರೂ ತೆರೆಯಲಿ, ಅವುಗಳ ಆದೇಶವನ್ನು ಪರಿಶೀಲಿಸುವ ಹೈಕೋರ್ಟಿನ ಅಧಿಕಾರವನ್ನು ಕಸಿಯುವಂತಿಲ್ಲ; ಅದು ಮೂಲ ಸ್ವರೂಪದ ಭಾಗ ಎಂದು ಏಳು ನ್ಯಾಯಮೂರ್ತಿಗಳು ಹೇಳಿದರು.

ತೆರೆದು ಮುಚ್ಚಿದ್ದರಲ್ಲಿ ಹಿಮಾಚಲವನ್ನು ಮೀರಿಸಿದವರಿಲ್ಲ. ಸರ್ಕಾರಿ ನೌಕರರ ಆಡಳಿತ ನ್ಯಾಯಮಂಡಳಿಯನ್ನು 1986ರಲ್ಲಿ ತೆರೆದು, 2008ರಲ್ಲಿ ಮುಚ್ಚಿ, 2015ರಲ್ಲಿ ಮತ್ತೆ ತೆರೆದು, 2019ರಲ್ಲಿ ಮತ್ತೆ ಮುಚ್ಚಿದರು. ಒಡಿಶಾದ ಮಂಡಳಿಯೂ 2019ರಲ್ಲಿ ಹೋಯಿತು, 2023ರಲ್ಲಿ ಸುಪ್ರೀಂ ಕೋರ್ಟು ಆ ರದ್ದತಿಯನ್ನು ಒಪ್ಪಿತು. ಕರ್ನಾಟಕದ್ದು 1986ರಿಂದ ನಡೆಯುತ್ತಿದೆ. ಕೇರಳ ತೆರೆದದ್ದು 2010ರಲ್ಲಿ.

ಹುಟ್ಟದೆಯೇ ಸತ್ತ ಕೋರ್ಟು ಗೊತ್ತೇ? 1995ರಲ್ಲಿ ಸಂಸತ್ತು ರಾಷ್ಟ್ರೀಯ ಪರಿಸರ ನ್ಯಾಯಮಂಡಳಿಗೆ ಕಾಯ್ದೆ ಮಾಡಿತು. ಮಂಡಳಿ ಒಂದು ದಿನವೂ ಕೂರಲಿಲ್ಲ. 2010ರ ಹಸಿರು ನ್ಯಾಯಮಂಡಳಿ ಕಾಯ್ದೆ ಅದನ್ನು ರದ್ದು ಮಾಡಿತು. ಹೊಸ ಮಂಡಳಿಯ ದಕ್ಷಿಣ ಪೀಠ ಚೆನ್ನೈಯಲ್ಲಿದೆ.

ಆ ಮಂಡಳಿ ಕಾಗದದಲ್ಲೇ ಮಲಗಿದ್ದ ವರ್ಷಗಳಲ್ಲಿ ಕಾಸರಗೋಡಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರು ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯುತ್ತಿತ್ತು. ಎಣ್ಮಕಜೆಯ ಸ್ವರ್ಗ, ವಾಣೀನಗರ ಎಂಬ ಊರುಗಳ ಮಕ್ಕಳ ಸ್ಥಿತಿಯನ್ನು ಮೊದಲು ಗಮನಿಸಿ ಬರೆದವರು ಅಲ್ಲಿನ ವೈದ್ಯ ಡಾ. ಮೋಹನ ಕುಮಾರ್ ಮತ್ತು ಕನ್ನಡದ ಪತ್ರಕರ್ತ ಶ್ರೀಪಡ್ರೆ. ಪೆರಿಯದಲ್ಲಿದ್ದ ಕೃಷಿ ಇಲಾಖೆಯ ನೌಕರರಾದ ಲೀಲಾಕುಮಾರಿ ಅಮ್ಮ 1998ರಲ್ಲಿ ದಾವೆ ಹೂಡಿದರು. ದಿಲ್ಲಿಯಲ್ಲಲ್ಲ, ಎರ್ನಾಕುಳಂನಲ್ಲಲ್ಲ, ಹೊಸದುರ್ಗದ ಮುನ್ಸಿಫ್ ಕೋರ್ಟಿನಲ್ಲಿ. 1957ರ ಕೇರಳ ಸಿವಿಲ್ ಕೋರ್ಟುಗಳ ಕಾಯ್ದೆಯಲ್ಲಿ ಅದು ಎಲ್ಲಕ್ಕಿಂತ ಕೆಳಗಿನ ದರ್ಜೆ. 2000ದಲ್ಲಿ ಆ ಕೋರ್ಟೇ ಆಕಾಶದಿಂದ ಸಿಂಪಡಿಸುವುದಕ್ಕೆ ತಡೆ ಹಾಕಿತು. ಸುಪ್ರೀಂ ಕೋರ್ಟು ದೇಶದಾದ್ಯಂತ ಎಂಡೋಸಲ್ಫಾನನ್ನು ತಡೆದದ್ದು 2011ರ ಮೇ 13ರಂದು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಿ ಎಂದು ಅದು ಕೇರಳ ಸರ್ಕಾರಕ್ಕೆ ಹೇಳಿದ್ದು 2017ರ ಜನವರಿ 10ರಂದು.